ತಂಗಿ ಮದುವೆಯ ಕೆಲಸ, ಬ್ಯಾಂಕಿನ ಕೆಲಸ

ಬ್ಯಾಂಕಿನಲ್ಲಿ ಕೆಲಸ ಮಾಡುವವರು ನನ್ನ ಹತ್ತಿರ ಆಪ್ತ ಸಮಾಲೋಚನೆಗೆ ಬರುವುದು ಈಚೆಗೆ ಜಾಸ್ತಿಯಾಗಿದೆ. ಊರು ಬೇರೆ, ಬ್ಯಾಂಕ್ ಬೇರೆ. ಆದರೆ ಕೂತ ತಕ್ಷಣ ಕೇಳುವುದು ಒಂದೇ ಪ್ರಶ್ನೆ: "ಎಲ್ರೂ ನಿಭಾಯಿಸ್ತಿದ್ದಾರೆ, ನನಗೆ ಮಾತ್ರ ಯಾಕೆ ಆಗ್ತಿಲ್ಲ?" ಆ ಪ್ರಶ್ನೆಯ ಸಲುವಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹಾಗೆ ಬಂದವರಲ್ಲಿ ಒಬ್ಬರಿಗೆ ನಲವತ್ತು ದಾಟಿದೆ. ಒಂದು ತಾಲ್ಲೂಕು ಕೇಂದ್ರದಲ್ಲಿ ಶಾಖಾ ವ್ಯವಸ್ಥಾಪಕ. ರಾತ್ರಿ ಮೂರಕ್ಕೆ ಎಚ್ಚರ, ಮಕ್ಕಳ ಮೇಲೆ ರೇಗಾಟ, ಹೊಸದಾಗಿ ಬಿಪಿ. ಕಚೇರಿಯವರೇ ಒಂದು ಧ್ಯಾನ ಶಿಬಿರಕ್ಕೆ ಕಳಿಸಿದ್ದರು. ಶಿಬಿರದಲ್ಲಿ ಕೂತಿದ್ದಾಗಲೂ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ "ಇವತ್ತು ವಿಮೆ ಮಾರಾಟ ಎಷ್ಟಾಯ್ತು?" ಅಂತ ಬರುತ್ತಲೇ ಇತ್ತಂತೆ.

ಮೊದಲ ಭೇಟಿಗಳಲ್ಲಿ ಹೆಚ್ಚೇನೂ ನಡೆಯಲಿಲ್ಲ. ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಫೋನನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡು ಕೂರುತ್ತಿದ್ದರು. ಅದು ಗುರ್ ಎಂದಾಗೆಲ್ಲ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ದಿನ ಹಾಗೆ ನಿಂತಾಗ ಸುಮ್ನೆ ಕೇಳಿದೆ, "ಇದಕ್ಕಿಂತ ಜಾಸ್ತಿ ಕೆಲಸ ಯಾವತ್ತಾದ್ರೂ ಮಾಡಿದ್ದೀರಾ?"

ತುಸು ಯೋಚಿಸಿ ಹೇಳಿದರು. "ತಂಗಿ ಮದುವೇಲಿ, ಮೇಡಂ. ಅಪ್ಪ ಇರಲಿಲ್ಲ. ಛತ್ರ, ಅಡುಗೆಯವರು, ಸಾಲ, ಎಲ್ಲಾ ನಂದೇ. ಒಂದು ತಿಂಗಳು ಮೈ ಹಣ್ಣಾಗಿತ್ತು. ಆದ್ರೆ ಮಲಗಿದ್ ಕೂಡ್ಲೇ ನಿದ್ದೆ ಬರ್ತಿತ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು: "ಆಗ ಯಾವ್ದು ಮೊದಲು, ಯಾವ್ದು ಆಮೇಲೆ ಅಂತ ನಾನೇ ಹೇಳ್ತಿದ್ದೆ. ಈಗ ಮುಂದಿನ ಹತ್ತು ನಿಮಿಷಕ್ಕೆ ಏನು ಮಾಡ್ಬೇಕು ಅನ್ನೋದೂ ನನಗೆ ಗೊತ್ತಿರಲ್ಲ."

ಅವರ ಪ್ರಶ್ನೆಗೆ ಉತ್ತರ ಅವರ ಬಾಯಲ್ಲೇ ಬಂದಿತ್ತು. ರಾಬರ್ಟ್ ಕರಾಸೆಕ್ ಎಂಬ ಸಂಶೋಧಕ 1979ರಲ್ಲಿ ಅಮೆರಿಕ ಮತ್ತು ಸ್ವೀಡನ್ನಿನ ಕೆಲಸಗಾರರ ಮಾಹಿತಿ ಇಟ್ಟುಕೊಂಡು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕೆಲಸದ ಹೊರೆ ಹೆಚ್ಚಿದ್ದು, ಅದರ ಮೇಲೆ ನಮ್ಮ ಹಿಡಿತ ಕಡಿಮೆ ಇದ್ದರೆ ಮನಸ್ಸು ಕುಸಿಯುತ್ತದೆ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಮೈಕಲ್ ಮಾರ್ಮಟ್ ಮತ್ತು ಸಂಗಡಿಗರು ನಡೆಸಿದ ವೈಟ್‌ಹಾಲ್ ಅಧ್ಯಯನಗಳು ಇನ್ನೂ ಮುಂದೆ ಹೋದವು. ತಲೆ ಮೇಲೆ ಜವಾಬ್ದಾರಿ ಹೊತ್ತ ದೊಡ್ಡ ಅಧಿಕಾರಿಗಳಿಗೇ ಹೃದಯದ ಕಾಯಿಲೆ ಜಾಸ್ತಿ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಕಂಡದ್ದು ಉಲ್ಟಾ. ಕೆಳಗಿನ ದರ್ಜೆಯವರೇ ಹೆಚ್ಚು ಸಾಯುತ್ತಿದ್ದರು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಸೇರಿಸಿ ನೋಡಿದರೂ ಪೂರ್ತಿ ಕಾರಣ ಸಿಗಲಿಲ್ಲ. 1985ರಲ್ಲಿ ಶುರುವಾದ ಎರಡನೇ ಸುತ್ತಿನಲ್ಲಿ, ಕೆಲಸದ ಮೇಲೆ ಹಿಡಿತವಿಲ್ಲದವರಿಗೆ ಹೃದ್ರೋಗದ ಅಪಾಯ ಹೆಚ್ಚು ಎಂಬುದು ಗೊತ್ತಾಯಿತು.

ಎಷ್ಟು ಗಂಟೆ ದುಡಿಯುತ್ತೇವೆ ಅನ್ನುವುದು ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35–40 ಗಂಟೆ ದುಡಿಯುವವರಿಗಿಂತ ಸುಮಾರು 35% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. ಆದರೆ ಇವರ ಗಂಟೆಗಳನ್ನು ಇಳಿಸುವುದು ನನ್ನ ಕೈಯಲ್ಲೂ ಇಲ್ಲ, ಅವರ ಕೈಯಲ್ಲೂ ಇಲ್ಲ. ಹಿಡಿತವನ್ನು ಸ್ವಲ್ಪವಾದರೂ ವಾಪಸ್ ತರಬಹುದಿತ್ತು.

ಹಾಗಾಗಿ ಹೇಳಿದ್ದಿಷ್ಟು. ಬಿಪಿಗೆ ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ. ಎರಡು ವಾರ ಒಂದು ನೋಟ್‌ಬುಕ್ ಇಡಿ. ಅದರಲ್ಲಿ ನಿಮ್ಮ ಬೇಸರ ಬರೆಯಬೇಡಿ. ಯಾರು, ಎಷ್ಟು ಹೊತ್ತಿಗೆ, ಏನು ಕೇಳಿದರು, ಅದರಿಂದ ಯಾವ ಕೆಲಸ ನಿಂತಿತು, ಅಷ್ಟು ಬರೆಯಿರಿ. ಆಮೇಲೆ ಅದನ್ನು ಹಿಡಿದುಕೊಂಡು ಮೇಲಧಿಕಾರಿಯ ಹತ್ತಿರ ಹೋಗಿ, ಒಂದೇ ಒಂದು ಬೇಡಿಕೆ ಇಡಿ: ಮಾರಾಟದ ಅಂಕಿಅಂಶ ದಿನಕ್ಕೊಮ್ಮೆ, ಗೊತ್ತುಮಾಡಿದ ಹೊತ್ತಿಗೆ ಕಳಿಸುತ್ತೇನೆ. ಟಾರ್ಗೆಟ್ ಕಡಿಮೆ ಮಾಡಿ ಅಂತ ಕೇಳಬೇಡಿ. ಅದು ಆ ಅಧಿಕಾರಿಯ ಕೈಯಲ್ಲೂ ಇರುವುದಿಲ್ಲ.

ಇವರ ಹೆಂಡತಿಗೆ ನನ್ನ ಮೇಲೆ ಸಿಟ್ಟು ಬಂತು. ರಾಜೀನಾಮೆ ಕೊಡಿ ಅಂತ ನಾನು ಹೇಳಬೇಕಿತ್ತಂತೆ. ಮನೆ ಸಾಲ ಇದೆ, ಇಬ್ಬರು ಮಕ್ಕಳಿದ್ದಾರೆ. ಮೂರು ಗಂಟೆ ರಾತ್ರಿಯ ಮನಸ್ಸಿನಲ್ಲಿ ಅಂಥ ತೀರ್ಮಾನ ಮಾಡಿಸಬಾರದು ಅನ್ನುವುದು ನನ್ನ ನಿಲುವು. ಈಗಲೂ ಅದೇ ನಿಲುವು. ಇನ್ನು ವೃತ್ತಿಯ ಗೆಳೆಯರೊಬ್ಬರು, ಉಸಿರಾಟ, ಧ್ಯಾನ ಹೇಳಿಕೊಟ್ಟರೆ ಸಾಕಿತ್ತು, ಕಚೇರಿಯ ವಿಷಯ ನಿಮಗ್ಯಾಕೆ ಅಂದರು. ಬ್ರಿಟನ್ನಿನಲ್ಲಿ 46,000ಕ್ಕೂ ಹೆಚ್ಚು ನೌಕರರ ಮಾಹಿತಿ ನೋಡಿದ ವಿಲಿಯಂ ಫ್ಲೆಮಿಂಗ್ ಅವರ 2024ರ ಅಧ್ಯಯನ ಓದಿ ಎಂದೆ. ಧ್ಯಾನದ ಆ್ಯಪ್, ಮನೋಬಲದ ತರಬೇತಿ ಪಡೆದವರು ಪಡೆಯದವರಿಗಿಂತ ನೆಮ್ಮದಿಯಾಗಿ ಇರಲಿಲ್ಲ. ಧ್ಯಾನ ಕೆಟ್ಟದ್ದೇನಲ್ಲ. ಕಚೇರಿಯ ತಪ್ಪನ್ನು ನೌಕರನ ತಲೆಗೆ ಕಟ್ಟಲು ಅದನ್ನು ಬಳಸುವುದು ಕೆಟ್ಟದ್ದು.

ಮೇಲಧಿಕಾರಿ ಅರ್ಧ ಒಪ್ಪಿದರು. ಅಂಕಿಅಂಶ ಈಗ ಸಂಜೆ ಒಂದು ಸಲ ಹೋಗುತ್ತದೆ. ರಾತ್ರಿ ಮೆಸೇಜುಗಳು ನಿಂತಿಲ್ಲ. ನಿದ್ದೆ ಈಗ ಬೆಳಗಿನ ಜಾವ ಐದರವರೆಗೆ ಬರುತ್ತಿದೆ. ಬೇರೆ ವಿಭಾಗಕ್ಕೆ ವರ್ಗ ಕೇಳಿದ್ದಾರೆ. ಅರ್ಜಿಯ ಜೊತೆ ನೋಟ್‌ಬುಕ್ಕಿನ ಎರಡು ಪುಟ ಲಗತ್ತಿಸಿದ್ದಾರೆ.

ಓದುವವರಲ್ಲಿ ಯಾರಿಗಾದರೂ ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಬಂದಿದ್ದರೆ, ನೋಟ್‌ಬುಕ್ ಬರೆಯುತ್ತಾ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.