ಗಾಜು ಒರೆಸುವ ಕೆಲಸ ಇಷ್ಟ, ಆದರೆ ಕೈಯಲ್ಲಿ ಕಾಸು ಉಳಿಯುತ್ತಿಲ್ಲ. ಏನು ಮಾಡಲಿ?

ಸ್ವಂತವಾಗಿ ಕಿಟಕಿ ಗಾಜು ಒರೆಸುವ ಕೆಲಸ ಶುರು ಮಾಡಿ ಒಂದು ವರ್ಷ ಆಯಿತು, ಕೆಲಸ ಖುಷಿ ಕೊಡುತ್ತದೆ, ತಿಂಗಳ ಕೊನೆಗೆ ಉಳಿಯುವುದು ಮಾತ್ರ ಕಮ್ಮಿ, ದುಡ್ಡಿಗಾಗಿ ಇಷ್ಟವಿಲ್ಲದ ಕೆಲಸ ಹಿಡಿಯಬೇಕಾ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನೂ ಎರಡು ವರ್ಷ ಏಣಿ ಹತ್ತಿ ಇಳಿದಿದ್ದೇನೆ. ಈಗ ನನಗೆ ಇದು ಹನ್ನೊಂದನೇ ವರ್ಷ.

ಆಗ ನಾನು ಮಾಡಿದ್ದು ನೀವು ಯೋಚಿಸುತ್ತಿರುವುದನ್ನೇ. ಹೊಸದಾಗಿ ಕಟ್ಟಿದ ಮನೆಗಳ ಕೆಲಸ ಹಿಡಿದೆ. ಗಾಜಿನ ತುಂಬ ಸಿಮೆಂಟಿನ ಚುಕ್ಕೆ, ಬಣ್ಣದ ಹನಿ, ಸ್ಟಿಕ್ಕರಿನ ಅಂಟು. ರೇಟು ಮಾಮೂಲಿಗಿಂತ ದುಪ್ಪಟ್ಟು. ಒಂದು ಕಡೆ ಬ್ಲೇಡ್ ಹಾಕಿ ಎಳೆದೆ, ಮೇಲಿಂದ ಕೆಳಗೆ ಕೂದಲಿನಂಥ ಗೀರು. ಟಫನ್ಡ್ ಗಾಜಿನ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿನ ಮೇಲೆ ಕೆಲವು ಸಲ ಕಣ್ಣಿಗೆ ಕಾಣದ ಗಾಜಿನ ಪುಡಿ ಅಂಟಿಕೊಂಡಿರುತ್ತದೆ, ಕುಲುಮೆಯಲ್ಲಿ ಕಾಯಿಸುವಾಗಲೇ ಕೂತದ್ದು. ಬ್ಲೇಡ್ ಅದನ್ನು ಕಿತ್ತು ಎಳೆದುಕೊಂಡು ಹೋಗುತ್ತದೆ. ನನಗೆ ಆಗ ಇದು ಗೊತ್ತಿರಲಿಲ್ಲ. ಎರಡು ಗಾಜಿನ ದುಡ್ಡು ಕೈಯಿಂದ ಕಟ್ಟಿದೆ, ಆ ತಿಂಗಳ ದುಪ್ಪಟ್ಟು ಅಲ್ಲಿಗೇ ಹೋಯಿತು. ಅಂಥ ಕೆಲಸ ಹಿಡಿಯುವುದಾದರೆ ಗೀರಿನ ವಿಷಯ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ.

ಆಮೇಲೆ ಒಂದು ತಿಂಗಳು ಸುಮ್ನೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಗಾಜಿನ ಮೇಲೆ ಕೈ ಇದ್ದದ್ದು ಎಷ್ಟು ಹೊತ್ತು, ದಾರಿಯಲ್ಲಿ ಎಷ್ಟು, ಫೋನಿನಲ್ಲಿ ಎಷ್ಟು, ಬಾಕಿ ಕೇಳಲು ಎಷ್ಟು. ಮನೆಯಿಂದ ಹೊರಗಿದ್ದದ್ದು ದಿನಕ್ಕೆ ಎಂಟು ಗಂಟೆ. ಗಾಜಿನ ಮೇಲೆ ಕೈ ಇದ್ದದ್ದು ನಾಲ್ಕೂವರೆ. ದುಡ್ಡು ಬರುವುದು ಆ ನಾಲ್ಕೂವರೆ ಗಂಟೆಯಿಂದಲೇ, ಖುಷಿಯೂ ಅಲ್ಲೇ. ಅಲ್ಲಿಯವರೆಗೆ ನಾನು ಅವೆರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ನೋಡುತ್ತಿದ್ದೆ. ಅವು ಒಂದೇ ತಟ್ಟೆಯಲ್ಲಿದ್ದವು. ಇನ್ನೊಂದರಲ್ಲಿ ಇದ್ದದ್ದು ಓಡಾಟ.

ಹಾಗಾಗಿ ಗಿರಾಕಿಗಳನ್ನು ಬೀದಿಯ ಪ್ರಕಾರ ಜೋಡಿಸಿದೆ. ಒಂದು ದಿನ, ಒಂದು ಬಡಾವಣೆ. ದೂರದ ಮೂವರು ಗಿರಾಕಿಗಳಿಗೆ ಇನ್ನು ಬರಲಾಗುವುದಿಲ್ಲ ಎಂದು ಹೇಳಿಬಿಟ್ಟೆ. ಹೇಳುವಾಗ ಹೊಟ್ಟೆಯಲ್ಲಿ ಕಸಿವಿಸಿ ಆಗಿತ್ತು, ನಿಜ. ಒಂದು ಮನೆ ಮುಗಿಸುವಾಗ ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತು ನೋಡುತ್ತಿರುತ್ತಾರಲ್ಲ, ಅವರನ್ನು ಮಾತಾಡಿಸಿ. ಹೊಸ ಗಿರಾಕಿ ಸಿಗಲು ಅದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ರೇಟು ಗಂಟೆ ಲೆಕ್ಕದಲ್ಲಿ ಹೇಳುತ್ತಿದ್ದರೆ ಇವತ್ತೇ ನಿಲ್ಲಿಸಿ. ಕೈ ಪಳಗಿದಷ್ಟೂ ನಿಮ್ಮ ಸಂಪಾದನೆ ಇಳಿಯುತ್ತದೆ, ಇದೆಂಥ ನ್ಯಾಯ? ಕಿಟಕಿ ಎಣಿಸಿ ಹೇಳಿ. ಮೊದಲ ಸಲದ ಕೆಲಸಕ್ಕೆ ಬೇರೆ ರೇಟು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಕರೆಯುವವರಿಗೆ ಬೇರೆ. ವರ್ಷಗಟ್ಟಲೆ ಕೂತ ಕೊಳೆ ತೆಗೆಯುವುದಕ್ಕೂ ಹೋದ ತಿಂಗಳ ಧೂಳು ತೆಗೆಯುವುದಕ್ಕೂ ಹೋಲಿಕೆಯೇ ಇಲ್ಲ.

ಇನ್ನೊಂದು ವಿಷಯ, ಇದು ನನಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ನಾಲ್ಕನೇ ವರ್ಷ ನೀರಿನ ಪೈಪು ಇರುವ ಉದ್ದನೆ ಕೋಲು ಕೊಂಡೆ, ತುದಿಯಲ್ಲಿ ಬ್ರಷ್. ನೀರನ್ನು ಆರ್‌ಓ ಫಿಲ್ಟರ್, ಆಮೇಲೆ ಉಳಿದ ಲವಣ ಹೀರುವ ರೆಸಿನ್ ಕಾಳುಗಳ ಮೂಲಕ ಹಾಯಿಸಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ, ಸೊನ್ನೆಗೆ ತರಬೇಕು. ಗಡಸು ನೀರು ಒಣಗಿದಾಗ ಬಿಳಿ ಕಲೆ ಬೀಳುವುದು ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ. ಅವೇ ಇಲ್ಲದಿದ್ದರೆ ಗಾಜನ್ನು ಒರೆಸುವುದೇ ಬೇಡ, ತೊಳೆದು ಬಿಟ್ಟರೆ ತಾನೇ ಒಣಗುತ್ತದೆ. ನೆಲದ ಮೇಲೆ ನಿಂತೇ ಮಹಡಿ ಕಿಟಕಿ ಮುಗಿಯುತ್ತದೆ. ಆದಾಯ ಏರಿತು, ಏಣಿಯಿಂದ ಬೀಳುವ ಭಯ ಹೋಯಿತು. ಆದರೆ ಖುಷಿ? ಕತ್ತು ಎತ್ತಿ ನಿಂತು ಬ್ರಷ್ ಆಡಿಸುವುದರಲ್ಲಿ ಏನಿದೆ ಹೇಳಿ. ಸ್ಕ್ವೀಜಿಯನ್ನು, ಅಂದರೆ ಗಾಜಿನ ಮೇಲಿನ ನೀರು ಎಳೆಯುವ ರಬ್ಬರ್ ಪಟ್ಟಿಯ ಹಿಡಿಯನ್ನು, ಹಾವಿನ ಹಾಗೆ ಬಳುಕಿಸುತ್ತಾ ಒಂದೇ ಎಳೆತಕ್ಕೆ ಗಾಜು ಬತ್ತಲಾಗುವಾಗ ಸಿಗುವ ಸುಖ ಬೇರೆ. ಇಟಲಿಯಿಂದ ಅಮೆರಿಕಕ್ಕೆ ಹೋಗಿ ಗಾಜು ಒರೆಸುತ್ತಿದ್ದ ಎಟ್ಟೋರೆ ಸ್ಟೆಕ್ಕೋನೆ 1930ರ ದಶಕದಲ್ಲಿ ಮಾಡಿದ ಹಿತ್ತಾಳೆ ಸ್ಕ್ವೀಜಿಗೂ ಇವತ್ತು ನನ್ನ ಕೈಯಲ್ಲಿ ಇರುವುದಕ್ಕೂ ಆಕಾರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕೆಲಸ ಬಲ್ಲವನೇ ಮಾಡಿದ ಹತ್ಯಾರ, ಅಲ್ವಾ?

ಕೊನೆಗೆ ರಾಜಿ ಮಾಡಿಕೊಂಡೆ. ಮೇಲಿನ ಕಿಟಕಿಗಳಿಗೆ ಕೋಲು, ಕೆಳಗಿನವಕ್ಕೆ ಸ್ಕ್ವೀಜಿ. ಕೆಳಗಿನದಕ್ಕೂ ಕೋಲು ಹಾಕಿದರೆ ದಿನಕ್ಕೆ ಇನ್ನೊಂದು ಮನೆ ಮುಗಿಸಬಹುದು, ಗೊತ್ತು. ಹಾಕುವುದಿಲ್ಲ.

ಹಾಗೇ ಒಂದು ಹಳೇ ಮನೆ ಇದೆ. ಮರದ ಚೌಕಟ್ಟು, ಒಂದೊಂದು ಕಿಟಕಿಗೂ ಹದಿನಾರು ಪುಟ್ಟ ಗಾಜು. ಎರಡೂವರೆ ಗಂಟೆ ಹಿಡಿಯುತ್ತದೆ, ಸಿಗುವುದು ಒಂದು ಗಂಟೆಯ ದುಡ್ಡು. ರೇಟು ಏರಿಸಿಲ್ಲ. ವಾರದ ಕೊನೆಯ ಕೆಲಸವಾಗಿ ಇಟ್ಟುಕೊಂಡಿದ್ದೇನೆ, ಅವಸರ ಮಾಡುವುದಿಲ್ಲ. ನೀವೂ ಅಂಥದ್ದೊಂದು ಇಟ್ಟುಕೊಳ್ಳಿ. ಆದರೆ ಒಂದೇ. ನೋಟ್‌ಬುಕ್ ತೆರೆದ ಆ ತಿಂಗಳು ನನ್ನ ಹತ್ತಿರ ಅಂಥವು ಒಂಬತ್ತು ಇದ್ದವು.