ಮೊದಲು ಉಸಿರು, ಆಮೇಲೆ ರಾಜೀನಾಮೆ

ವಯಸ್ಸು 46, ಲೆಕ್ಕಪತ್ರದ ಕೆಲಸದಲ್ಲಿ 22 ವರ್ಷ. ಅದನ್ನು ಬಿಟ್ಟು ಈಜು ಕಲಿಸುವ ಕೆಲಸಕ್ಕೆ ಇಳಿಯಬೇಕು, ಸ್ಪರ್ಧೆಯಲ್ಲೂ ಈಜಬೇಕು, ಆದರೆ 50 ಮೀಟರ್ ಮುಗಿಯುವಷ್ಟರಲ್ಲಿ ಏದುಸಿರು ಬರುತ್ತದೆ, ತಡವಾಯಿತೇ ಎಂದು ಕೇಳಿದ್ದೀರಿ.

ಖಂಡಿತ ತಡವಾಗಿಲ್ಲ. ವಯಸ್ಕರಿಗೆಂದೇ ಇರುವ ಮಾಸ್ಟರ್ಸ್ ಈಜು ಸ್ಪರ್ಧೆ 25ನೇ ವಯಸ್ಸಿಗೆ ಶುರುವಾಗಿ ಐದೈದು ವರ್ಷದ ಗುಂಪುಗಳಲ್ಲಿ ಸಾಗುತ್ತದೆ. ನಿಮ್ಮದು 45–49ರ ಗುಂಪು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ 41ರ ಈಜುಗಾರ್ತಿ ಡಾರಾ ಟಾರೆಸ್ ಮೂರು ಬೆಳ್ಳಿ ಗೆದ್ದದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಅವರು 1984ರಲ್ಲೇ ಒಲಿಂಪಿಕ್ಸ್ ಈಜಿದ್ದವರು. ಆ ಅಳತೆಗೋಲು ನಿಮಗೆ ಬೇಡ.

ಏದುಸಿರಿಗೆ ವಯಸ್ಸನ್ನು ದೂರಬೇಡಿ. ಬಹುತೇಕರು ನೀರೊಳಗೆ ಉಸಿರು ಬಿಗಿಹಿಡಿಯುತ್ತಾರೆ. ಹಾಗಾಗಿ ಬಾಯಿ ಮೇಲೆ ಬಂದ ಅರೆಕ್ಷಣದಲ್ಲೇ ಹಳೆಯ ಗಾಳಿಯನ್ನು ಬಿಟ್ಟು ಹೊಸದನ್ನು ಎಳೆಯಬೇಕಾಗುತ್ತದೆ. ಅಷ್ಟು ಹೊತ್ತು ಸಿಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತದೆ, ಗಾಬರಿಯಾಗುತ್ತದೆ, ತಲೆ ಎತ್ತುತ್ತೀರಿ. ತಲೆ ಎದ್ದರೆ ಸೊಂಟ, ಕಾಲು ಮುಳುಗುತ್ತವೆ, ನೀರಿನ ತಡೆ ಹೆಚ್ಚುತ್ತದೆ. ಆಗ ಎಷ್ಟು ಕಾಲು ಬಡಿದರೂ ದಣಿವೇ ಹೊರತು ವೇಗವಿಲ್ಲ. ಮುಖ ನೀರಲ್ಲಿರುವಷ್ಟೂ ಹೊತ್ತು ಮೂಗಿನಿಂದ ಗುಳ್ಳೆ ಬಿಡುತ್ತಲೇ ಇರಿ. ಉಸಿರೆಳೆಯಲು ತಲೆಯನ್ನು ಎತ್ತದೆ ಪಕ್ಕಕ್ಕೆ ಹೊರಳಿಸಿ. ಒಂದು ಕಣ್ಣಿನ ಗಾಗಲ್ ನೀರಲ್ಲೇ ಇರಲಿ. 25 ಮೀಟರ್‌ನ ಎಂಟು ಸುತ್ತು, ನಡುವೆ 30 ಸೆಕೆಂಡ್ ವಿಶ್ರಾಂತಿ, ಅವಸರವಿಲ್ಲದೆ. ಇದು ಸಲೀಸಾಗುವವರೆಗೆ ದೂರ ಹೆಚ್ಚಿಸಬೇಡಿ.

ವಾರಕ್ಕೆ ಮೂರು ದಿನ, 45 ನಿಮಿಷ ಸಾಕು. ನಿಲ್ಲದೆ 400 ಮೀಟರ್ ಈಜಲು ಬಂದಾಗ ಗಡಿಯಾರ ಹಿಡಿಯಿರಿ: 400 ಮೀಟರ್, 200 ಮೀಟರ್ ಬೇರೆಬೇರೆಯಾಗಿ ಈಜಿ, 400 ಮೀಟರ್‌ನ ಸಮಯದಲ್ಲಿ 200 ಮೀಟರ್‌ನ ಸಮಯ ಕಳೆದು ಎರಡರಿಂದ ಭಾಗಿಸಿ. 9 ನಿಮಿಷ 20 ಸೆಕೆಂಡ್ ಮತ್ತು 4 ನಿಮಿಷ 20 ಸೆಕೆಂಡ್ ಬಂದರೆ, ಉಳಿದ ಐದು ನಿಮಿಷದ ಅರ್ಧ, ಅಂದರೆ 100 ಮೀಟರ್‌ಗೆ ಎರಡೂವರೆ ನಿಮಿಷ. ಆ ಗತಿಯಲ್ಲಿ 100 ಮೀಟರ್‌ನ ಆರೆಂಟು ಸುತ್ತು, ನಡುವೆ 20 ಸೆಕೆಂಡ್ ವಿಶ್ರಾಂತಿ: ಇದೇ ನಿಮ್ಮ ಮುಖ್ಯ ಅಭ್ಯಾಸ.

ಭುಜದ ಬಗ್ಗೆ ಎಚ್ಚರ. ಕೈ ನೀರಿಗಿಳಿಯುವಾಗ ತಲೆಯ ಮುಂದೆ ಮೈಯ ನಡುಗೆರೆ ದಾಟಿ ಆಚೆ ಹೋದರೆ ಭುಜದ ಸ್ನಾಯುರಜ್ಜು ಒತ್ತಿ ನೋಯುತ್ತದೆ. ಕೈಗೆ ಕಟ್ಟುವ ಪ್ಯಾಡಲ್ ಆ ತಪ್ಪಿನ ಭಾರವನ್ನು ಹೆಚ್ಚಿಸುತ್ತದೆ, ಸದ್ಯ ಕೊಳ್ಳಬೇಡಿ. ಮೊದಲ ಸ್ಪರ್ಧೆಗೆ 50 ಮೀಟರ್ ಫ್ರೀಸ್ಟೈಲ್ ಆರಿಸಿ. ಡೈವ್ ಬರದಿದ್ದರೆ ಮಾಸ್ಟರ್ಸ್‌ನಲ್ಲಿ ನೀರಲ್ಲೇ ಇದ್ದು ಗೋಡೆಯನ್ನು ತಳ್ಳಿ ಹೊರಡಬಹುದು. ಕಪ್ಪೆಯಂತೆ ಈಜುವ ಬ್ರೆಸ್ಟ್‌ಸ್ಟ್ರೋಕ್ ಆರಿಸಿದರೆ ಗೋಡೆಯ ಬಳಿ ತಿರುಗುವಾಗಲೂ ಕೊನೆಯಲ್ಲೂ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು, ಇಲ್ಲವೇ ಅನರ್ಹ.

ಇನ್ನು ಕೆಲಸದ ಮಾತು. ಸ್ಪರ್ಧೆಗಾಗಿ ನೌಕರಿ ಬಿಡಬೇಕಾಗಿಲ್ಲ, ಪದಕ ಬಂದ ಮಾತ್ರಕ್ಕೆ ಕಲಿಸಲೂ ಬರುವುದಿಲ್ಲ. ಕೋಚ್‌ಗೆ ಮುಳುಗುವವರನ್ನು ಎಳೆದು ತರಲು, ಎದೆಯೊತ್ತಿ ಉಸಿರು ಕೊಡಲು ಗೊತ್ತಿರಬೇಕು. ಜೀವರಕ್ಷಕ ತರಬೇತಿ ಮೊದಲು ಮುಗಿಸಿ. ಹೆಚ್ಚಿನವರ ಕಣ್ಣಿಗೆ ಬೀಳದ ತೊಡಕು ಇನ್ನೊಂದಿದೆ: ಕಲಿಯುವವರು ಬರುವುದು ಬೆಳಗ್ಗೆ, ಸಂಜೆ. ನಿಮ್ಮ ಅಭ್ಯಾಸದ ಹೊತ್ತೂ ಅದೇ. ಮೂರು ತಾಸು ನೀರಲ್ಲಿ ನಿಂತು ಕಲಿಸಿದರೆ ಮೈ ತಣ್ಣಗಾಗಿ ದಣಿಯುತ್ತದೆ, ಆದರೆ ಅದು ಈಜಿನ ಅಭ್ಯಾಸವಲ್ಲ. ಹಾಗಾಗಿ ಸಂಬಳ ಬರುತ್ತಿರುವಾಗಲೇ ಆರು ತಿಂಗಳು ರಜಾದಿನಗಳಲ್ಲಿ ಒಬ್ಬ ಅನುಭವಿ ಕೋಚ್ ಬಳಿ ಸಹಾಯಕರಾಗಿರಿ. ನೀರಿಗೆ ಹೆದರಿ ಅಂಚು ಬಿಡದವರನ್ನೂ ಬೇಸರವಿಲ್ಲದೆ ಈಜಿಸಲು ನಿಮ್ಮಿಂದ ಆಗುತ್ತದೆ ಎಂದು ಕಂಡಮೇಲೆ ರಾಜೀನಾಮೆ ಬರೆಯಿರಿ.