‘ಸ್ಪಿನ್-ಆಫ್: ಆಸೆ ಮತ್ತು ಆತಂಕ’ ಕಳಿಸಿದ ಬೆಟಗೇರಿಯ ಲೇಖಕಿಗೆ

ತಂಗಿ, ನಮಸ್ಕಾರ.

ನಿಮ್ಮ ಲೇಖನ ಓದಿದೆ. ಈಗ ಇರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದರಲ್ಲಿ ಒಂದೂವರೆ ಪುಟ ನಿಜಕ್ಕೂ ಚೆನ್ನಾಗಿದೆ. ಉಳಿದದ್ದು ಆ ಒಂದೂವರೆ ಪುಟವನ್ನು ಮುಚ್ಚಿಹಾಕಿದೆ.

ಬೇರೆ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಜನ ಮೆಚ್ಚಿದ ಸೀರೀಸ್ ಒಂದು ಮುಗಿದ ಮೇಲೆ ಅದರ ಒಂದು ಪಾತ್ರವನ್ನೋ, ಹಿಂದಿನ ತಲೆಮಾರನ್ನೋ ಹಿಡಿದು ಹೊಸದೊಂದು ಸೀರೀಸ್ ಮಾಡುತ್ತಾರಲ್ಲ, ಆ ಸ್ಪಿನ್-ಆಫ್ ಬಗ್ಗೆ ಇವರ ಲೇಖನ. ‘ಗೇಮ್ ಆಫ್ ಥ್ರೋನ್ಸ್’ ನೋಡಿದವರು ‘ಹೌಸ್ ಆಫ್ ದ ಡ್ರ್ಯಾಗನ್’ ಬರುವಾಗ ಏನು ಆಸೆಪಟ್ಟರು, ಯಾಕೆ ಹೆದರಿದರು ಎಂದು ಶುರುವಾಗುತ್ತದೆ. ಆಮೇಲೆ ಜಗತ್ತಿನ ಸ್ಪಿನ್-ಆಫ್‌ಗಳನ್ನೆಲ್ಲ ಪಟ್ಟಿ ಮಾಡುತ್ತಾ ಎಲ್ಲೋ ಹೋಗಿ ನಿಲ್ಲುತ್ತದೆ.

ನನ್ನ ಮೊದಲ ತಕರಾರು ನಿಮ್ಮ ‘ಅಭಿಮಾನಿಗಳ’ ಮೇಲೆ. ‘ಅಭಿಮಾನಿಗಳ ನಿರೀಕ್ಷೆ ಮುಗಿಲು ಮುಟ್ಟಿದೆ.’ ‘ಅಭಿಮಾನಿಗಳಲ್ಲಿ ಆತಂಕ ಮನೆಮಾಡಿದೆ.’ ಇದು ಚಾನೆಲ್‌ನವರು ಕಳಿಸುವ ಪ್ರೆಸ್‌ನೋಟ್ ಭಾಷೆ. ದಿನಾ ನಮ್ಮ ಟೇಬಲ್ ಮೇಲೆ ಬಂದು ಬೀಳುತ್ತದೆ, ನೀವು ಬರೆಯಬೇಕಿಲ್ಲ. ಯಾರು ಈ ಅಭಿಮಾನಿಗಳು? ಎಲ್ಲಿರುತ್ತಾರೆ? ಕೆಲಸಕ್ಕೆ ಯಾವ ಹೊತ್ತಿಗೆ ಹೋಗುತ್ತಾರೆ?

ಉತ್ತರ ನಿಮ್ಮ ಐದನೇ ಪುಟದಲ್ಲೇ ಇದೆ. ಗದಗಿನಿಂದ ಹುಬ್ಬಳ್ಳಿಗೆ ದಿನಾ ಹೋಗುವ ರೈಲು. ಹುಲಕೋಟಿ ದಾಟಿದ ಮೇಲೆ ಮೊಬೈಲ್ ಹೊರಗೆ ಬರುತ್ತದೆ. ಒಂದೇ ಇಯರ್‌ಫೋನು, ಒಂದು ತುದಿ ನಿಮ್ಮ ಕಿವಿಗೆ, ಇನ್ನೊಂದು ಗೆಳತಿಯ ಕಿವಿಗೆ. ಎದುರಿನ ಸೀಟಿನ ಗೆಳೆಯ ಮಾತ್ರ ಮುಖ ತಿರುಗಿಸಿ ಕಿಟಕಿ ನೋಡುತ್ತಾನೆ. ಅವನ ಮಾತನ್ನು ನೀವು ಇದ್ದ ಹಾಗೇ ಬರೆದಿದ್ದೀರಿ: “ಮೊದಲಿಂದರ ಕಡೀ ಸೀಸನ್ ನೋಡಿ ಇನ್ನೂ ಹೊಟ್ಟಿ ಉರಿಯಾಕತ್ತೈತಿ. ಮತ್ತ ಅದ ಮನಿ ಬಾಗಲಾ ಬಡೀಲೇನು?” ಅದಕ್ಕೆ ನಿಮ್ಮ ಗೆಳತಿ, “ನೀ ಬಡೀಬ್ಯಾಡ, ಸುಮ್ನ ಕುಂದರು, ನಮಗ ಕೇಳವಲ್ದು” ಅಂದಳಂತೆ. ಓದಿ ಜೋರಾಗಿ ನಕ್ಕೆ. ಮುಂದಿನ ಸಾಲಿಗೆ ಬಂದರೆ, ‘ಹೀಗೆ ಅಭಿಮಾನಿಗಳಲ್ಲಿ ಭಿನ್ನಾಭಿಪ್ರಾಯಗಳಿರುವುದು ಸಹಜ.’ ಅಲ್ಲಿಗೆ ಮುಗೀತು! ಅಣ್ಣಿಗೇರಿ ಬರುವ ಮೊದಲೇ ರೈಲಿನಿಂದ ಇಳಿದುಬಿಟ್ಟಿರಿ.

ಆ ಹುಡುಗನ ಹೊಟ್ಟೆ ಯಾಕೆ ಉರಿಯಿತು? ಅದನ್ನು ನೀವು ಬರೆದಿಲ್ಲ. ‘ಗೇಮ್ ಆಫ್ ಥ್ರೋನ್ಸ್’ನ ಕೊನೆಯ ಸೀಸನ್ 2019ರಲ್ಲಿ ಬರೀ ಆರು ಕಂತಿನಲ್ಲಿ ಮುಗಿಯಿತು. ವರ್ಷಗಟ್ಟಲೆ ಕಟ್ಟಿದ ಪಾತ್ರಗಳನ್ನು ಗಡಿಬಿಡಿಯಲ್ಲಿ ಮುಗಿಸಿದರು ಎಂದು ಜನ ಸಿಟ್ಟಾದರು. ಆ ಸೀಸನ್ ಮತ್ತೆ ಮಾಡಿ ಎಂಬ ಮನವಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ನಿಮ್ಮ ಗೆಳೆಯನ ಭಯ ಹೊಸದು ಕೆಟ್ಟದಾಗಿರುತ್ತದೆ ಅನ್ನುವುದಲ್ಲ. ಹಳೆಯದರಲ್ಲಿ ಉಳಿದಿರುವ ಸ್ವಲ್ಪ ಪ್ರೀತಿಯೂ ಹೋದೀತು ಅನ್ನುವುದು. ಇವೆರಡು ಬೇರೆ ಬೇರೆ ಭಯ. ಲೇಖನದಲ್ಲಿ ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ.

ಆಸೆಗೂ ಕಾರಣ ಕೊಡಬೇಕಿತ್ತು. ‘ಈ ಬಾರಿ ಪುಸ್ತಕದ ಆಧಾರವಿದೆ’ ಎಂದಷ್ಟೇ ಹೇಳಿ ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಮೊದಲ ಸೀರೀಸ್ ಓಡುತ್ತಾ ಓಡುತ್ತಾ ಪುಸ್ತಕಗಳನ್ನೇ ಹಿಂದೆ ಹಾಕಿತು, ಆಮೇಲಿನ ದಾರಿ ಅವರೇ ಹುಡುಕಬೇಕಾಯಿತು. ಇಲ್ಲಿ ಹಾಗಲ್ಲ. ಮೂಲ ಪುಸ್ತಕಗಳ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಫೈರ್ ಆ್ಯಂಡ್ ಬ್ಲಡ್’ 2018ರಲ್ಲೇ ಬಂತು. ಹೊಸ ಸೀರೀಸ್ ಹೇಳುವ ಟಾರ್ಗೇರಿಯನ್ ರಾಜಮನೆತನದ ಒಳಜಗಳ ಆದಿಯಿಂದ ಅಂತ್ಯದವರೆಗೆ ಅದರಲ್ಲಿದೆ. ಅದೂ ಕಾದಂಬರಿಯ ಹಾಗಲ್ಲ, ಇತಿಹಾಸ ಬರೆದ ಹಾಗೆ. ಒಂದೇ ಘಟನೆಗೆ ಒಬ್ಬ ಪಂಡಿತ ಒಂದು ಹೇಳುತ್ತಾನೆ, ಒಬ್ಬ ಪೂಜಾರಿ ಇನ್ನೊಂದು, ಆಸ್ಥಾನದ ವಿದೂಷಕ ಮತ್ತೊಂದು. ಯಾರನ್ನು ನಂಬಬೇಕು ಅನ್ನುವುದು ಸೀರೀಸ್ ಮಾಡುವವರ ಕೈಯಲ್ಲಿದೆ. ಅಭಿಮಾನಿಯ ಆಸೆಯೂ ಅಲ್ಲೇ ಇದೆ, ಹೆದರಿಕೆಯೂ ಅಲ್ಲೇ ಇದೆ. 2024ರಲ್ಲಿ ಸ್ವತಃ ಮಾರ್ಟಿನ್ ಅವರೇ ಸೀರೀಸ್ ಮಾಡಿದವರ ಕೆಲವು ಬದಲಾವಣೆಗಳ ಬಗ್ಗೆ ಬೇಸರದಿಂದ ಬಹಿರಂಗವಾಗಿ ಬರೆದರು. ಕಿಟಕಿ ನೋಡುತ್ತಾ ಕೂತ ಹುಡುಗನಿಗೆ ಇದು ಗೊತ್ತಾದರೆ ಬಿಡುತ್ತಾನೆಯೇ?

ಈಗ ನಿಮ್ಮ ಮುಖ್ಯ ವಾದಕ್ಕೆ ಬರುತ್ತೇನೆ. ‘ಸ್ಪಿನ್-ಆಫ್ ಹಿಂದಿನ ಕಾಲದ ಕಥೆಯಾದರೆ ಕೊನೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಕುತೂಹಲ ಉಳಿಯುವುದಿಲ್ಲ’ ಅನ್ನುತ್ತೀರಿ. ಇದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಪಟ್ಟಿಯಲ್ಲೇ ಇರುವ ‘ಬೆಟರ್ ಕಾಲ್ ಸಾಲ್’ ನೋಡಿ. ‘ಬ್ರೇಕಿಂಗ್ ಬ್ಯಾಡ್’ನ ವಕೀಲ ಸಾಲ್ ಗುಡ್‌ಮನ್‌ನ ಹಿಂದಿನ ಕಥೆ. 2015ರಿಂದ 2022ರವರೆಗೆ ಆರು ಸೀಸನ್ ನಡೆಯಿತು. ಅವನು ಏನಾಗುತ್ತಾನೆ ಅಂತ ನೋಡುಗರಿಗೆಲ್ಲ ಗೊತ್ತು. ಆದರೆ ಅದರಲ್ಲಿ ಕಿಮ್ ವೆಕ್ಸ್ಲರ್ ಎಂಬ ಹೊಸ ಪಾತ್ರ ಬರುತ್ತದೆ. ಸಾಲ್‌ಗೆ ಅಷ್ಟು ಹತ್ತಿರದವಳು, ಮೂಲ ಸೀರೀಸ್‌ನಲ್ಲಿ ಮಾತ್ರ ಅವಳ ಹೆಸರೂ ಇಲ್ಲ. ಹಾಗಾದರೆ ಅವಳಿಗೆ ಏನಾಯಿತು? ಸತ್ತಳೇ, ಬಿಟ್ಟುಹೋದಳೇ? ಆರು ಸೀಸನ್ ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದು ಈ ಪ್ರಶ್ನೆಗೆ. (ಉತ್ತರ ಹೇಳುವುದಿಲ್ಲ, ನೋಡದವರು ಇರುತ್ತಾರೆ.) ಕೊನೆ ಗೊತ್ತಿದ್ದದ್ದರಿಂದಲೇ ಆ ಹೆದರಿಕೆ ಹುಟ್ಟಿತು.

ಇನ್ನೊಂದು ಸಣ್ಣ ಸಂಗತಿ ಇದೆ, ನನಗೆ ಭಾಳ ಇಷ್ಟ. 2009ರಲ್ಲಿ ಸಾಲ್ ಮೊದಲ ಸಲ ತೆರೆಗೆ ಬಂದಾಗ ಅವನನ್ನು ಮರುಭೂಮಿಗೆ ಎಳೆದುಕೊಂಡು ಹೋಗುತ್ತಾರೆ. ಗಾಬರಿಯಲ್ಲಿ ಅವನು ಎರಡು ಹೆಸರು ಬಡಬಡಿಸುತ್ತಾನೆ, ಇಗ್ನಾಸಿಯೋ ಮತ್ತು ಲಾಲೋ. ಇವರು ಯಾರು ಅಂತ ಆಗ ಯಾರೂ ಕೇಳಲಿಲ್ಲ. ಸ್ಪಿನ್-ಆಫ್ ಬಂದಾಗ ಆ ಒಂದು ಮಾತಿನಿಂದ ಎರಡು ದೊಡ್ಡ ಪಾತ್ರಗಳನ್ನೇ ಕಟ್ಟಿದರು. ಹಳೆಯದನ್ನು ಹೀಗೆ ಗಮನವಿಟ್ಟು ನೋಡಿದವರ ಕೈಗೆ ಅದನ್ನು ಕೊಡಬಹುದು ಅನ್ನಿಸುತ್ತದೆ, ಅಲ್ವಾ? ನಿಮ್ಮ ಗೆಳೆಯ ಕೇಳುತ್ತಿರುವುದೂ ಅಷ್ಟೇ. ಹೊಸದು ಮಾಡುವವರು ಹಳೆಯದನ್ನು ನನ್ನಷ್ಟು ಪ್ರೀತಿಯಿಂದ ನೋಡಿದ್ದಾರೋ ಇಲ್ಲವೋ? ನಿಮ್ಮ ಲೇಖನ ಈ ಪ್ರಶ್ನೆಯ ಬೆನ್ನು ಹತ್ತಬೇಕು.

ಕೊನೆಗೆ ನೀವು ‘ನಮ್ಮ ಮಹಾಭಾರತದಲ್ಲೂ ಸ್ಪಿನ್-ಆಫ್‌ಗಳಿವೆ’ ಎಂದು ಹೆಮ್ಮೆಯಿಂದ ಒಂದು ಸಾಲು ಸೇರಿಸಿದ್ದೀರಿ. ಈ ಮಾತು ಎಲ್ಲರೂ ಆಡುತ್ತಾರೆ. ಆಡುವುದಾದರೆ ಕೆಲಸಕ್ಕೆ ಬರುವ ಹಾಗೆ ಆಡಿ. ಸಾವಿರ ವರ್ಷದ ಹಿಂದೆ ರನ್ನ ಇಡೀ ಮಹಾಭಾರತ ಬಿಟ್ಟು ಕೊನೆಯ ಗದಾಯುದ್ಧವೊಂದನ್ನೇ ಹಿಡಿದ. ದುರ್ಯೋಧನ ಸಾಯುತ್ತಾನೆ ಅಂತ ಗೊತ್ತಿಲ್ಲದ ಕೇಳುಗ ಆಗ ಒಬ್ಬನಾದರೂ ಇದ್ದನೇ? ಆದರೂ ಹೆಣಗಳ ನಡುವೆ ನಡೆಯುತ್ತಾ ಅವನು ಅಭಿಮನ್ಯುವಿನ ಶವದ ಮುಂದೆ ನಿಂತು, ತನ್ನ ಶತ್ರುವಿನ ಮಗನನ್ನು ಹೊಗಳಿ, ಅವನಂಥ ಸಾವು ತನಗೂ ಬರಲಿ ಅನ್ನುತ್ತಾನಲ್ಲ, ಅಲ್ಲಿ ನಮಗೆ ಬೇರೆಯೇ ದುರ್ಯೋಧನ ಕಾಣುತ್ತಾನೆ. ನಿಮ್ಮ ಊರಲ್ಲೇ ಇನ್ನೊಂದು ಉದಾಹರಣೆ ಇದೆ. ಗದುಗಿನ ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ಗಮಕಿಗಳು ಯಾರನ್ನು ಹಾಡುತ್ತಾರೆ, ಯಾರನ್ನು ಬಿಡುತ್ತಾರೆ ಅಂತ ವೀರನಾರಾಯಣ ಗುಡಿಯ ಹತ್ತಿರ ಹಿರಿಯರು ಯಾರನ್ನಾದರೂ ಕೇಳಿ. ಅವರು ಹೇಳಿದ್ದನ್ನು ಬರೆಯಿರಿ.

ಪಟ್ಟಿಯನ್ನು ಕತ್ತರಿಸಿ. ಬೇಕಾದರೆ ಎರಡು ಇಟ್ಟುಕೊಳ್ಳಿ. ‘ಚಿಯರ್ಸ್’ನಿಂದ ಬಂದ ‘ಫ್ರೇಸಿಯರ್’ 1993ರಿಂದ ಹನ್ನೊಂದು ಸೀಸನ್ ಓಡಿತು. ಅದರ ನಾಯಕ, ಮನೋವೈದ್ಯ ಫ್ರೇಸಿಯರ್‌ಗೆ ಹೊಸ ಊರು, ಅಪ್ಪ, ತಮ್ಮ, ಅಪ್ಪನ ನಾಯಿ ಎಲ್ಲ ಸಿಕ್ಕವು. ‘ಫ್ರೆಂಡ್ಸ್’ನಿಂದ ಬಂದ ‘ಜೋಯಿ’ ಎರಡೇ ಸೀಸನ್‌ಗೆ ಮುಗಿಯಿತು. ಜೋಯಿಯನ್ನು ಜನ ಇಷ್ಟಪಟ್ಟಿದ್ದು ಆ ಐವರು ಗೆಳೆಯರ ನಡುವೆ. ‘ಉಪ್ಪಿನಕಾಯಿಯನ್ನೇ ಊಟ ಮಾಡಲಾಗದು’ ಅನ್ನುವ ನಿಮ್ಮ ಹೋಲಿಕೆ ಇಲ್ಲಿ ಸರಿಯಾಗಿ ಕೂಡುತ್ತದೆ. ಆದರೆ ಅದು ಮೂರನೇ ಪುಟದಲ್ಲೂ ಇದೆ, ಏಳನೇ ಪುಟದಲ್ಲೂ ಇದೆ. ಒಂದು ಕಡೆ ಸಾಕು.

ಸಾವಿರ ಪದಕ್ಕೆ ಇಳಿಸಿ. ಗೆಳೆಯನ ಹೆಸರು ಹಾಕುವುದಾದರೆ ಅವನ ಒಪ್ಪಿಗೆ ಕೇಳಿ. ನೆಟ್‌ನಿಂದ ಇಳಿಸಿಕೊಂಡ ಪೋಸ್ಟರುಗಳನ್ನು ಕಳಿಸಬೇಡಿ, ಅವನ್ನು ನಾವು ಹಾಕುವ ಹಾಗಿಲ್ಲ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಈ ಸಲ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಕಳಿಸಿದ್ದಿರಿ, ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ನಮ್ಮ ಡಿಟಿಪಿಯವರು ನನ್ನ ಮೇಲೆ ರೇಗಿದರು. ಯುಗಾದಿ ಸಂಚಿಕೆಯ ಪುಟಗಳು ಇನ್ನೂ ಖಾಲಿ ಇವೆ, ಅಷ್ಟರೊಳಗೆ ಕಳಿಸಿ.